ಪರದೇಶದಲ್ಲಿರುವ ನಮ್ಮ ಸೈನಿಕರ ಸ್ಮಾರಕಗಳಿಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರವಾಸಕ್ಕೆ ಹೊರಟವರು, ಮಗನ ಮನೆಗೋ ಮಗಳ ಮನೆಗೋ ಎಂದು ವಿದೇಶಕ್ಕೆ ಹೋದ ಹಿರಿಯರು, ಮನೆಯ ಹಳೇ ಟ್ರಂಕಿನಲ್ಲಿ ಪದಕ ಸಿಕ್ಕವರು ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಮೊದಲು ಕೇಳುವವು

ಅಷ್ಟು ದುಡ್ಡು ಹಾಕಿ ಯುರೋಪಿಗೆ ಹೋಗಿ ಸ್ಮಶಾನ ನೋಡ್ಕೊಂಡು ಬರೋದಾ ಅಂತ ಮನೇಲಿ ಕೇಳ್ತಾರೆ. ಏನು ಹೇಳಲಿ?

ಮೊದಲನೇ ಮಹಾಯುದ್ಧದಲ್ಲಿ ಅವಿಭಜಿತ ಭಾರತದಿಂದ 13 ಲಕ್ಷದಷ್ಟು ಜನ ದುಡಿದರು. ಅವರಲ್ಲಿ ಸುಮಾರು 74,000 ಮಂದಿ ಸತ್ತರು. ಎರಡನೇ ಯುದ್ಧದ ಹೊತ್ತಿಗೆ ಸೇನೆ 25 ಲಕ್ಷಕ್ಕೆ ಬೆಳೆದಿತ್ತು. ಸತ್ತವರು ಸುಮಾರು 87,000. ಶವವನ್ನು ಊರಿಗೆ ಕಳಿಸುವ ಪದ್ಧತಿ ಆಗ ಇರಲಿಲ್ಲ. ಹೆತ್ತವರಾಗಲಿ ಹೆಂಡತಿಯಾಗಲಿ ಹಡಗು ಹತ್ತಿ ಹೋಗಿ ನೋಡುವ ಮಾತಂತೂ ದೂರವೇ. ಹೀಗಾಗಿ ಸಂಬಂಧಿಕರು ಒಬ್ಬರೂ ಬಂದು ನೋಡದ ಹೆಸರುಗಳು ಆ ಗೋಡೆಗಳ ಮೇಲೆ ಸಾವಿರಾರಿವೆ. ಮನೆಯವರಿಗೆ ಇದನ್ನೇ ಹೇಳಿ. ಇಡೀ ಪ್ರವಾಸವನ್ನು ಇದಕ್ಕೆ ಮೀಸಲಿಡಬೇಕಿಲ್ಲ, ಅರ್ಧ ದಿನ ಸಾಕು.

ನಮ್ಮವರ ಸ್ಮಾರಕ ಎಲ್ಲೆಲ್ಲಿದೆ? ಮೊದಲ ಸಲ ಹೋಗೋರಿಗೆ ಯಾವುದು ಸುಲಭ?

ಫ್ರಾನ್ಸ್, ಬೆಲ್ಜಿಯಂ, ಇಂಗ್ಲೆಂಡ್, ಇಟಲಿ, ಟರ್ಕಿಯ ಗಲ್ಲಿಪೊಲಿ, ಈಜಿಪ್ಟ್, ಇಸ್ರೇಲ್, ಇರಾಕ್, ಮ್ಯಾನ್ಮಾರ್, ಸಿಂಗಾಪುರ. ಎಲ್ಲಕ್ಕಿಂತ ಸುಲಭ ಸಿಂಗಾಪುರದ ಕ್ರಾಂಜಿ. ಬೆಂಗಳೂರಿನಿಂದ ನೇರ ವಿಮಾನವಿದೆ, ಸ್ಮಾರಕದ ಹತ್ತಿರಕ್ಕೆ ಮೆಟ್ರೊ ರೈಲಿದೆ. ಮನಸ್ಸನ್ನು ತುಂಬಾ ಕಲಕುವುದು ಯಾವುದು ಎಂದು ಕೇಳಿದರೆ ಫ್ರಾನ್ಸಿನ ನವ್ ಶಾಪೆಲ್ ಎನ್ನುತ್ತೇನೆ.

ಟಿಕೆಟ್ ಎಷ್ಟು? ಮೊದಲೇ ಅನುಮತಿ ತಗೋಬೇಕಾ?

ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಹೋರಾಡಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವುದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. 1917ರಲ್ಲಿ ಶುರುವಾದ ಈ ಸಂಸ್ಥೆ ಸುಮಾರು 17 ಲಕ್ಷ ಹೆಸರುಗಳ ಹೊಣೆ ಹೊತ್ತಿದೆ. ಅವರ ಸ್ಮಾರಕಗಳಿಗೆ ಟಿಕೆಟ್ ಇಲ್ಲ, ಅನುಮತಿಯೂ ಬೇಡ. ವಸ್ತುಸಂಗ್ರಹಾಲಯಗಳ ಕತೆ ಬೇರೆ. ನಾಜಿಗಳು ಲಕ್ಷಾಂತರ ಜನರನ್ನು ಕೊಂದ ಪೋಲೆಂಡಿನ ಶಿಬಿರ ಔಶ್ವಿಟ್ಜ್‌ಗೆ ಹೋಗುವುದಾದರೆ ಆನ್‌ಲೈನಿನಲ್ಲಿ ನಿಮ್ಮ ಹೆಸರಿನಲ್ಲೇ ಸಮಯ ಕಾದಿರಿಸಬೇಕು. ರಜಾ ದಿನಗಳಲ್ಲಿ ವಾರಗಟ್ಟಲೆ ಮುಂಚೆಯೇ ಭರ್ತಿಯಾಗಿರುತ್ತದೆ.

ಅಮ್ಮನ್ನ ಕರ್ಕೊಂಡು ಹೋಗ್ತಿದೀನಿ. ಮೈಲಿಗೆ ಆಗುತ್ತೆ ಅಂತ ಒಳಗೆ ಬರಲ್ಲ ಅಂತಿದಾರೆ. ಏನ್ಮಾಡೋದು?

ಒತ್ತಾಯ ಮಾಡಬೇಡಿ. ಆದರೆ ಒಂದು ಸಂಗತಿ ತಿಳಿಸಿ. ನಮ್ಮವರ ದೊಡ್ಡ ಸ್ಮಾರಕಗಳಲ್ಲಿ ಹಲವು ಸಮಾಧಿಗಳೇ ಅಲ್ಲ. ನವ್ ಶಾಪೆಲ್‌ನಲ್ಲಿರುವುದು ಶವ ಸಿಗದವರ ಹೆಸರು ಕೆತ್ತಿದ ಗೋಡೆ. ಬೆಲ್ಜಿಯಂನ ಮೆನಿನ್ ಗೇಟ್ ಎನ್ನುವುದು ಊರ ಹೆಬ್ಬಾಗಿಲು, ಅದರೊಳಗಿಂದ ದಿನವೂ ಜನ, ವಾಹನ ಓಡಾಡುತ್ತವೆ. ಇಂಥ ಜಾಗಕ್ಕೆ ಬರಲು ಎಷ್ಟೋ ಹಿರಿಯರು ಒಪ್ಪುತ್ತಾರೆ. ಸಮಾಧಿಗಳಿರುವ ಕಡೆ ಗೇಟಿನ ಬಳಿ ಬೆಂಚು ಇದ್ದರೆ ಅಲ್ಲೇ ಕೂತಿರಲಿ. ಹೋಟೆಲಿಗೆ ಬಂದು ಸ್ನಾನ ಮಾಡುವುದು ಅವರಿಗೆ ಬಿಟ್ಟದ್ದು.

## ಹೋಗಿ ಬರುವ ವಿಚಾರ

ಸಿಂಗಾಪುರದಲ್ಲಿ ಒಂದೇ ಬೆಳಿಗ್ಗೆ ಬಿಡುವಿದೆ. ಕ್ರಾಂಜಿ ನೋಡೋಕಾಗುತ್ತಾ?

ಧಾರಾಳವಾಗಿ. ಕ್ರಾಂಜಿ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಬಿಸಿಲೇರುವ ಮುಂಚೆ ಹೋಗಿ, ಛತ್ರಿ ಇರಲಿ. ಇಳಿಜಾರಿನ ಹುಲ್ಲಿನ ಮೇಲೆ 4,400ಕ್ಕೂ ಹೆಚ್ಚು ಸಮಾಧಿಗಳಿವೆ. ಗುಡ್ಡದ ನೆತ್ತಿಯಲ್ಲಿ ನಿಂತಿರುವ ಗೋಡೆಗಳ ಮೇಲೆ ಸಮಾಧಿಯೇ ಇಲ್ಲದ 24,000ಕ್ಕೂ ಹೆಚ್ಚು ಮಂದಿಯ ಹೆಸರು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿಗೆ ಶರಣಾಯಿತು. ಆ ಯುದ್ಧದಲ್ಲಿ, ಆಮೇಲೆ ಸೆರೆಯಲ್ಲಿ ಸತ್ತವರು ಇವರು. ಹುಲ್ಲುಹಾಸಿನಲ್ಲಿ ಓಡಾಡಿ ಅಷ್ಟಕ್ಕೇ ಮರಳುವವರು ಬಹಳ. ಗೋಡೆಗಳ ತನಕ ಹತ್ತಿ ಹೋಗಿ. ಭಾರತೀಯ ರೆಜಿಮೆಂಟುಗಳ ಹೆಸರುಗಳು ಸಾಲುಗಟ್ಟಿ ಇರುವುದು ಅಲ್ಲಿ.

ನವ್ ಶಾಪೆಲ್‌ಗೆ ಬಸ್ಸು ರೈಲು ಇದೆಯಾ? ಹೋದರೆ ನೋಡೋಕೆ ಏನಿದೆ?

ಉತ್ತರ ಫ್ರಾನ್ಸಿನ ಲೀಲ್ ಪಟ್ಟಣದಲ್ಲಿ ಉಳಿದುಕೊಂಡು ಕಾರು ಬಾಡಿಗೆಗೆ ತೆಗೆದುಕೊಳ್ಳುವುದೇ ಸರಿ. ಮುಕ್ಕಾಲು ಗಂಟೆಯೊಳಗಿನ ದಾರಿ. ರೈಲಿನಲ್ಲೇ ಹೋಗುವವರು ಬೆಥೂನ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬೇಕು. ಟ್ಯಾಕ್ಸಿಯವರನ್ನು ಕಾಯಲು ಒಪ್ಪಿಸಿ, ಸುತ್ತ ಹೊಲಗಳ ನಡುವೆ ವಾಪಸ್ ಬರಲು ಬೇರೆ ಗಾಡಿ ಸಿಗುವುದು ಕಷ್ಟ.

1915ರ ಮಾರ್ಚ್ 10ರಿಂದ 13ರವರೆಗೆ ಇಲ್ಲಿ ಕದನ ನಡೆಯಿತು. ಆಗ ಫ್ರಾನ್ಸಿನಲ್ಲಿದ್ದ ಭಾರತೀಯ ಪಡೆಗೆ ಅದು ದೊಡ್ಡ ದಾಳಿ. ಸ್ಮಾರಕವನ್ನು ರೂಪಿಸಿದವರು ಹರ್ಬರ್ಟ್ ಬೇಕರ್. ಅನಾವರಣಗೊಂಡದ್ದು 1927ರ ಅಕ್ಟೋಬರಿನಲ್ಲಿ. ದುಂಡಗಿನ ಆವರಣ. ಅದರ ಅರ್ಧಭಾಗ ಕಲ್ಲಿನ ಜಾಲಂಧ್ರ, ಆಚೆಯ ಹೊಲದ ಗಾಳಿ ಬೆಳಕು ತೂತುಗಳಿಂದ ಒಳಗೆ ಬರುತ್ತದೆ. ಇನ್ನರ್ಧ ಗಟ್ಟಿ ಗೋಡೆ, ಅದರ ಮೇಲೆ 4,700ಕ್ಕೂ ಹೆಚ್ಚು ಹೆಸರು. ಮುಂದುಗಡೆ ತಲೆಯ ಮೇಲೆ ಕಮಲ ಹೊತ್ತ 15 ಮೀಟರ್ ಎತ್ತರದ ಕಂಬ, ಅದರ ಬುಡದಲ್ಲಿ ಎರಡು ಕಲ್ಲಿನ ಹುಲಿಗಳು. ದೇವರು ಒಬ್ಬನೇ, ಜಯ ಅವನದು ಎಂಬ ಮಾತನ್ನು ಇಂಗ್ಲಿಷ್, ಅರಬ್ಬಿ, ಹಿಂದಿ, ಗುರುಮುಖಿಯಲ್ಲಿ ಕೆತ್ತಿದ್ದಾರೆ.

ಗೋಡೆಯ ಹತ್ತಿರ ಹೋಗಿ ಓದಿ. ರೆಜಿಮೆಂಟು, ಅದರ ಕೆಳಗೆ ದರ್ಜೆ, ಅದರ ಕೆಳಗೆ ಅಕ್ಷರಮಾಲೆಯಲ್ಲಿ ಹೆಸರು. ಗಢವಾಲ್ ರೈಫಲ್ಸ್‌ನ ಗಬ್ಬರ್ ಸಿಂಗ್ ನೇಗಿ ಮಾರ್ಚ್ 10ರಂದೇ ಸತ್ತರು, ಆಮೇಲೆ ಬ್ರಿಟಿಷರ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅವರ ಹೆಸರು ಉಳಿದವರ ಹೆಸರಿನಷ್ಟೇ ಗಾತ್ರದ ಅಕ್ಷರದಲ್ಲಿದೆ. ಸೈನಿಕರ ಜೊತೆಗೆ ಕೂಲಿಪಡೆಯವರ ಹೆಸರೂ ಇದೇ ಗೋಡೆಯಲ್ಲಿದೆ. ಪ್ರವೇಶದ ಬಳಿ ಗೋಡೆಯಲ್ಲಿ ಸಣ್ಣ ಕಂಚಿನ ಬಾಗಿಲು ಕಂಡರೆ ತೆರೆದು ನೋಡಿ. ಹೆಸರುಗಳ ರಿಜಿಸ್ಟರು, ಬಂದವರು ಸಹಿ ಹಾಕುವ ಪುಸ್ತಕ ಅಂಥಲ್ಲಿ ಇಟ್ಟಿರುತ್ತಾರೆ. ಸಹಿ ಕನ್ನಡದಲ್ಲೇ ಹಾಕಿ.

ಮೆನಿನ್ ಗೇಟ್‌ನಲ್ಲಿ ದಿನಾ ಸಂಜೆ ಏನೋ ಊದ್ತಾರಂತೆ?

ಹೌದು. ಬೆಲ್ಜಿಯಂನ ಈಪರ್ ಪಟ್ಟಣದಲ್ಲಿ ರಾತ್ರಿ 8 ಗಂಟೆಗೆ ಸರಿಯಾಗಿ ಹೆಬ್ಬಾಗಿಲ ಕೆಳಗೆ ವಾಹನ ತಡೆದು ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್, ಅಂದರೆ ಸತ್ತ ಸೈನಿಕರಿಗೆ ವಿದಾಯ ಹೇಳುವ ರಾಗ, ನುಡಿಸುತ್ತಾರೆ. 1928ರಲ್ಲಿ ಶುರುವಾದ ಪದ್ಧತಿ ಇದು. ಎರಡನೇ ಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಿದ್ದಾಗ ಮಾತ್ರ ಇಲ್ಲಿ ನಿಂತಿತ್ತು. ಗೇಟಿನ ಮೇಲೆ 54,000ಕ್ಕೂ ಹೆಚ್ಚು ಹೆಸರಿವೆ, ಅದರಲ್ಲಿ ಭಾರತೀಯರೂ ನೂರಾರು. ಜನ ಕಿಕ್ಕಿರಿಯುವುದರಿಂದ ಅರ್ಧ ಮುಕ್ಕಾಲು ಗಂಟೆ ಮೊದಲೇ ಹೋಗಿ ನಿಲ್ಲಿ. ಹೆಸರು ಓದುವುದನ್ನು ಹಗಲಿನಲ್ಲೇ ಮುಗಿಸಿ. ಕೊನೆಯಲ್ಲಿ ಚಪ್ಪಾಳೆ ತಟ್ಟುವುದಿಲ್ಲ.

ಲಂಡನ್‌ನಿಂದ ಒಂದು ದಿನದಲ್ಲಿ ಹೋಗಿ ಬರೋ ಜಾಗ ಇದೆಯಾ?

ಬ್ರೈಟನ್. ಅಲ್ಲಿನ ರಾಯಲ್ ಪೆವಿಲಿಯನ್ ಅರಮನೆಯನ್ನು 1914ರಿಂದ ಭಾರತೀಯ ಗಾಯಾಳುಗಳ ಆಸ್ಪತ್ರೆ ಮಾಡಿದ್ದರು. ಜಾತಿ ಮತಗಳ ಊಟದ ನಿಯಮಕ್ಕೆಂದು ಒಂಬತ್ತು ಅಡುಗೆಮನೆ ನಡೆಸುತ್ತಿದ್ದರು. ಅಲ್ಲಿ ತೀರಿಕೊಂಡ ಹಿಂದೂ, ಸಿಖ್ ಸೈನಿಕರಲ್ಲಿ 53 ಮಂದಿಯನ್ನು ಊರಾಚೆಯ ಪ್ಯಾಚಮ್ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲೇ 1921ರಲ್ಲಿ ಬಿಳಿ ಅಮೃತಶಿಲೆಯ ಗುಮ್ಮಟದ ಮಂಟಪ ಎದ್ದಿತು, ಅದಕ್ಕೆ ಛತ್ರಿ ಎಂದೇ ಹೆಸರು. ಪಕ್ಕದ ಗೋಡೆಯಲ್ಲಿ ಅವರ ಹೆಸರುಗಳಿವೆ. ಮೊದಲು ಅರಮನೆ ನೋಡಿ, ಆಮೇಲೆ ಗುಡ್ಡಕ್ಕೆ ಹೋಗಿ. ಛತ್ರಿಯ ತನಕ ರಸ್ತೆ ಇಲ್ಲ. ಹುಲ್ಲುಗಾವಲಿನಲ್ಲಿ ಒಂದು ಮೈಲಿಗೂ ಹೆಚ್ಚು ನಡಿಗೆ. ಮಳೆ ಬಂದಿದ್ದರೆ ಕೆಸರು. ಮಂಡಿನೋವಿನವರಿಗೆ ಇದು ಬೇಡ. ಮುಸ್ಲಿಂ ಸೈನಿಕರನ್ನು ವೋಕಿಂಗ್ ಮಸೀದಿಯ ಹತ್ತಿರ ಹೂಳಿದ್ದರು, 1968ರಲ್ಲಿ ಆ ಸಮಾಧಿಗಳನ್ನು ಬ್ರೂಕ್‌ವುಡ್‌ಗೆ ಸಾಗಿಸಿದರು.

ಮೈಸೂರು ಲ್ಯಾನ್ಸರ್ಸ್ ಹೋರಾಡಿದ ಜಾಗ ನೋಡ್ಬೇಕು. ಹೈಫಾಗೆ ಹೋಗಬಹುದಾ?

ಕನ್ನಡಿಗರು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದದ್ದೂ ಹೌದು. ಮೈಸೂರು ಸಂಸ್ಥಾನದ ಕುದುರೆಪಡೆ 1914ರಲ್ಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜೊತೆ ತುರ್ಕರ ಕೈಯಲ್ಲಿದ್ದ, ಈಗ ಇಸ್ರೇಲಿನಲ್ಲಿರುವ ಹೈಫಾ ಗೆದ್ದಿತು. ಒಂದು ಕಡೆ ಕಿಶೋನ್ ಹೊಳೆ, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ, ನಡುವೆ ಕಿರಿದಾದ ದಾರಿ, ಬೆಟ್ಟದ ಮೇಲಿಂದ ಫಿರಂಗಿ. ಮೈಸೂರಿನ ಒಂದು ಸ್ಕ್ವಾಡ್ರನ್ ಬೆಟ್ಟದ ಮೇಲಿದ್ದ ಆ ಫಿರಂಗಿಗಳನ್ನು ಹಿಡಿಯಲು ಹತ್ತಿತು. ಕೆಳಗಿನಿಂದ ಜೋಧಪುರದವರು ಈಟಿ ಹಿಡಿದು ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಬಿದ್ದರು. ಮಷಿನ್‌ಗನ್ನುಗಳ ಎದುರು ಕುದುರೆ ಓಡಿಸಿ ಸಂಜೆಯೊಳಗೆ ಊರನ್ನು ಹಿಡಿದು 1,300ಕ್ಕೂ ಹೆಚ್ಚು ಸೆರೆಯಾಳುಗಳನ್ನು ಪಡೆದರು.

ಹೈಫಾದ ಭಾರತೀಯ ಸಮಾಧಿಸ್ಥಳ ಊರೊಳಗೇ ಇದೆ, ಸಣ್ಣದು. ಅದನ್ನು ನೋಡಿ ಕಾರ್ಮೆಲ್ ಬೆಟ್ಟಕ್ಕೆ ಹೋಗಿ ಕೆಳಗೆ ನೋಡಿದರೆ ಕದನದ ನಕ್ಷೆ ತಾನಾಗಿ ಅರ್ಥವಾಗುತ್ತದೆ. ಹೈಫಾ ದಿನವನ್ನು ಸೆಪ್ಟೆಂಬರ್ 23ರಂದೇ ಆಚರಿಸುತ್ತಾರೆ. ಆದರೆ ಇಸ್ರೇಲಿನ ಪರಿಸ್ಥಿತಿ ವಾರದಿಂದ ವಾರಕ್ಕೆ ಬದಲಾಗುತ್ತದೆ. ಟಿಕೆಟ್ ತೆಗೆಸುವ ಮುಂಚೆ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಓದಿ. ಬೇಡ ಎಂದಿದ್ದರೆ ಬೇಡವೇ ಬೇಡ. ಕೈರೊಗೆ ಹೋಗುವವರು ಹೀಲಿಯೊಪೊಲಿಸ್ ಸಮಾಧಿಸ್ಥಳದೊಳಗಿನ ಪೋರ್ಟ್ ತೌಫಿಕ್ ಸ್ಮಾರಕ ನೋಡಿ. ಈಜಿಪ್ಟ್, ಪ್ಯಾಲೆಸ್ಟೈನ್ ರಣರಂಗದ ಭಾರತೀಯರ ಸ್ಮಾರಕ ಅದು. ಮೊದಲು ಸೂಯೆಜ್ ಕಾಲುವೆಯ ದಂಡೆಯಲ್ಲಿತ್ತು, ಇಸ್ರೇಲ್ ಈಜಿಪ್ಟ್ ನಡುವಿನ ಕದನದಲ್ಲಿ ಹಾಳಾದ ಮೇಲೆ 1980ರಲ್ಲಿ ಇಲ್ಲಿ ಹೊಸದಾಗಿ ಕಟ್ಟಿದರು.

## ಅಲ್ಲಿ ನಡೆದುಕೊಳ್ಳುವ ರೀತಿ

ಹೂ ಇಡಬಹುದಾ? ದೀಪ, ಕರ್ಪೂರ, ಊದಿನಕಡ್ಡಿ?

ಹೂವಿಗೆ ಅಡ್ಡಿಯಿಲ್ಲ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಇಡಿ. ಬೆಂಕಿ ಹಚ್ಚಬೇಡಿ, ಕಲ್ಲಿಗೆ ಮಸಿ ಹಿಡಿಯುತ್ತದೆ, ಹೊಲಗಳ ನಡುವಿನ ಜಾಗಗಳಲ್ಲಿ ಬೇಸಿಗೆಯಲ್ಲಿ ಅಪಾಯವೂ ಇದೆ. ಕೆತ್ತಿದ ಅಕ್ಷರಕ್ಕೆ ಕುಂಕುಮ, ಅರಿಶಿನ, ಎಣ್ಣೆ ಹಚ್ಚಬೇಡಿ. ಸುಣ್ಣಕಲ್ಲು ಬಣ್ಣವನ್ನು ಹೀರಿಕೊಂಡರೆ ಮತ್ತೆ ಹೋಗುವುದಿಲ್ಲ. ಕಲ್ಲಿನ ಬುಡದಲ್ಲಿ ಎರಡು ಹೂ ಇಟ್ಟು ಕೈ ಮುಗಿಯುವುದು ಎಲ್ಲ ಕಡೆಯೂ ನಡೆಯುತ್ತದೆ. ಶೂ ಬಿಚ್ಚಬೇಕೆಂಬ ನಿಯಮವಿಲ್ಲ.

ಫೋಟೊ ತೆಗೀಬಹುದಾ? ನನ್ನ ಮಗಳು ರೀಲ್ ಮಾಡ್ತೀನಿ ಅಂತಾಳೆ.

ಸಮಾಧಿಸ್ಥಳಗಳಲ್ಲಿ ಫೋಟೊ ತೆಗೆಯಬಹುದು. ಸಮಾಧಿಗಲ್ಲಿಗೆ ಒರಗಿ ನಿಲ್ಲುವುದು, ಬಲಿಪೀಠದಂಥ ದೊಡ್ಡ ಕಲ್ಲಿನ ಮೇಲೆ ಕೂರುವುದು, ಹಾಡು ಹಾಕಿ ಕುಣಿಯುವುದು ಬೇಡ. ಮಗಳಿಗೆ ಒಂದು ಹೆಸರು ಆರಿಸಿಕೊಂಡು ಆ ಸೈನಿಕನ ರೆಜಿಮೆಂಟು, ಊರು, ಸತ್ತ ದಿನ ಹುಡುಕಿ ಹೇಳಲು ಹೇಳಿ. ಅಂಥ ರೀಲ್ ಬರಲಿ, ನಾಲ್ಕು ಜನ ನೋಡಲಿ. ಔಶ್ವಿಟ್ಜ್‌ನಲ್ಲಿ ಸತ್ತವರ ಕೂದಲು ಇಟ್ಟಿರುವ ಕೋಣೆಯಲ್ಲಿ, 11ನೇ ಬ್ಲಾಕಿನ ನೆಲಮಾಳಿಗೆಯಲ್ಲಿ ಕ್ಯಾಮೆರಾ ನಿಷಿದ್ಧ. ಅದೇ ಶಿಬಿರದ ಭಾಗವಾದ ಬಿರ್ಕೆನೌದ ರೈಲುಹಳಿಯ ಮೇಲೆ ಸಮತೋಲ ಮಾಡುತ್ತಾ ಫೋಟೊ ತೆಗೆಸಿಕೊಳ್ಳುವವರಿಗೆ ಅಲ್ಲಿನ ಆಡಳಿತವೇ ಬಹಿರಂಗವಾಗಿ ಬುದ್ಧಿ ಹೇಳಬೇಕಾಗಿ ಬಂದಿದೆ. ನಮ್ಮವರು ಆ ಸಾಲಿಗೆ ಸೇರಬಾರದು.

ಮಕ್ಕಳನ್ನ ಕರ್ಕೊಂಡು ಹೋಗಬಹುದಾ? ಹೆದರಿಕೊಂಡರೆ?

ಹುಲ್ಲು, ಹೂಗಿಡ, ಬಿಳಿಕಲ್ಲುಗಳ ಸಮಾಧಿಸ್ಥಳಕ್ಕೆ ಯಾವ ವಯಸ್ಸಿನವರನ್ನಾದರೂ ಕರೆದೊಯ್ಯಿರಿ. ಸಮಾಧಿಯ ಮೇಲೆ ಬರೆದಿರುವ ವಯಸ್ಸು ಓದಿಸಿ. ಹತ್ತೊಂಬತ್ತು, ಇಪ್ಪತ್ತು ಎಂಬುದನ್ನು ಓದಿದ ಹುಡುಗರು ಅಣ್ಣಂದಿರ ವಯಸ್ಸು ಲೆಕ್ಕ ಹಾಕತೊಡಗುತ್ತಾರೆ. ಔಶ್ವಿಟ್ಜ್‌ನವರು 14 ವರ್ಷದ ಕೆಳಗಿನವರು ಬೇಡವೆಂದು ತಾವೇ ಸಲಹೆ ಕೊಡುತ್ತಾರೆ, ಅದನ್ನು ಪಾಲಿಸಿ. ಹಿರೋಶಿಮಾದ ಉದ್ಯಾನ, ಅಣುಬಾಂಬಿನ ವಿಕಿರಣದಿಂದ ಕಾಯಿಲೆಯಾಗಿ ಸತ್ತ ಬಾಲಕಿ ಸಡಾಕೊ ಸಸಾಕಿಯ ನೆನಪಿನ ಮಕ್ಕಳ ಸ್ಮಾರಕ, ಬಣ್ಣದ ಕಾಗದದ ಕೊಕ್ಕರೆಗಳು ಚಿಕ್ಕವರಿಗೂ ತಟ್ಟುತ್ತವೆ. ವಸ್ತುಸಂಗ್ರಹಾಲಯದೊಳಗೆ ಸುಟ್ಟ ಬಟ್ಟೆ, ಗಾಯದ ಚಿತ್ರಗಳಿವೆ. ಮೊದಲು ಒಬ್ಬರು ಹೋಗಿ ನೋಡಿ ಬಂದು ನಿರ್ಧರಿಸಿ.

ಹೊಲದಲ್ಲಿ ತುಕ್ಕು ಹಿಡಿದ ಗುಂಡು ಸಿಕ್ಕರೆ ನೆನಪಿಗೆ ತಗೊಂಡು ಬರಬಹುದಾ?

ಮುಟ್ಟಲೇಬೇಡಿ. ಫ್ರಾನ್ಸ್, ಬೆಲ್ಜಿಯಂನ ರೈತರಿಗೆ ಉಳುವಾಗ ಇಂದಿಗೂ ಸಿಡಿಯದ ಷೆಲ್ಲುಗಳು ಸಿಗುತ್ತಿವೆ, ಕೆಲವದರಲ್ಲಿ ವಿಷಾನಿಲವಿದೆ. ಹೊಲದ ಬದಿಯಲ್ಲಿ ರಾಶಿ ಹಾಕಿದ್ದರೆ ಅದು ಬಾಂಬ್ ನಿಷ್ಕ್ರಿಯ ದಳದವರು ಒಯ್ಯಲೆಂದು ಇಟ್ಟದ್ದು. ವಿಮಾನದಲ್ಲಿ ತರಲು ಬಿಡುವುದಿಲ್ಲ ಎಂಬುದು ಆಮೇಲಿನ ಮಾತು.

## ಹೆಸರು ಹುಡುಕುವವರಿಗೆ

ನಮ್ಮ ಮುತ್ತಜ್ಜ ದಂಡಿಗೆ ಸೇರಿ ಬಸ್ರಾಗೆ ಹೋದವರು ತಿರುಗಿ ಬರಲಿಲ್ಲ ಅಂತ ಅಜ್ಜಿ ಹೇಳ್ತಿದ್ರು. ಎಲ್ಲಿ ಹುಡುಕೋದು?

ಹುಡುಕಾಟ ಮನೆಯಿಂದಲೇ ಶುರುವಾಗಲಿ. ದೇವರಕೋಣೆ, ಟ್ರಂಕು, ಅಟ್ಟ ನೋಡಿ. ಪದಕ ಸಿಕ್ಕರೆ ಅದರ ಮುಖವನ್ನಲ್ಲ, ಅಂಚನ್ನು ನೋಡಿ. ಮೊದಲ ಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟನ್ನು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತಾರೆ. ಕೊಳೆ ತುಂಬಿದ್ದರೆ ಉಜ್ಜಬೇಡಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಅಂಗೈ ಮೀರುವ ದುಂಡನೆಯ ಕಂಚಿನ ಫಲಕವೊಂದು ಸಿಕ್ಕರೆ, ಅದರಲ್ಲಿ ಸಿಂಹದ ಜೊತೆ ನಿಂತ ಹೆಂಗಸಿನ ಚಿತ್ರವಿದ್ದರೆ, ಅದು ಯುದ್ಧದಲ್ಲಿ ಸತ್ತವರ ಮನೆಗೆ ಸರ್ಕಾರ ಕಳಿಸುತ್ತಿದ್ದ ಫಲಕ. ಅದರಲ್ಲಿ ಹೆಸರು ಮಾತ್ರ ಇರುತ್ತದೆ, ದರ್ಜೆ ಇರುವುದಿಲ್ಲ.

ಆಮೇಲೆ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಿ, ಖರ್ಚಿಲ್ಲ. ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ರಾಮಸ್ವಾಮಿ ರಾಮಸಾಮಿಯಾಗಿರಬಹುದು, ಎರಡು ಹೆಸರು ಒಂದಾಗಿರಬಹುದು. ಬಗೆಬಗೆಯ ಸ್ಪೆಲ್ಲಿಂಗ್ ಕೊಟ್ಟು ನೋಡಿ. ಒಂದೇ ಹೆಸರಿನವರು ಹತ್ತಾರು ಮಂದಿ ಸಿಕ್ಕರೆ ರೆಜಿಮೆಂಟಿನ ಸಂಖ್ಯೆಯೊಂದೇ ದಾರಿ. ಎಷ್ಟೋ ದಾಖಲೆಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆ ಬರೆದಿದ್ದಾರೆ. ಆಗಿನ ಆಡಳಿತದಂತೆ ಧಾರವಾಡ, ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿ, ಬಳ್ಳಾರಿ, ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿ ಇದ್ದವು ಎಂಬುದು ನೆನಪಿರಲಿ.

ಹೆಸರು ಸಿಕ್ತು, ಆದರೆ ಸಮಾಧಿ ಇಲ್ಲ ಅಂತ ತೋರಿಸ್ತಿದೆ. ಯಾಕೆ?

ಎರಡು ಕಾರಣ. ಶವ ಸಿಗದೆ ಹೋಗಿರಬಹುದು, ಇಲ್ಲವೇ ಹಿಂದೂ ಅಥವಾ ಸಿಖ್ ಆಗಿದ್ದರೆ ದಹನ ಮಾಡಿರಬಹುದು. ದಹನವಾದವರಿಗೆ ಕ್ರಾಂಜಿಯಲ್ಲಿ, ಇಟಲಿಯ ಸಾಂಗ್ರೊ ನದಿ ಮತ್ತು ಫೊರ್ಲಿಯಲ್ಲಿ ಬೇರೆ ಸ್ಮಾರಕಗಳಿವೆ. ಸಾಂಗ್ರೊದಲ್ಲಿ ನಮ್ಮ ಕಡೆಯವರೊಬ್ಬರ ಹೆಸರಿದೆ: ಸೇನೆಯ ಎಂಜಿನಿಯರ್ ಪಡೆಯಾದ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿಯಲ್ಲಿ ಇಟಲಿಯ ಮಿಗ್ನಾನೊ ಬಳಿ ಜೊತೆಗಾರರನ್ನು ಉಳಿಸಲು ಸಿಡಿಯಲಿದ್ದ ನೆಲಬಾಂಬಿನ ಮೇಲೆ ಬಿದ್ದು ಸತ್ತರು, ಆಮೇಲೆ ಶೌರ್ಯಕ್ಕೆ ಕೊಡುವ ಜಾರ್ಜ್ ಕ್ರಾಸ್ ಪದಕ ಬಂತು. ಹೂಳಿದ ಹಿಂದೂಗಳ ಸಮಾಧಿಗಲ್ಲಿನ ಮೇಲೆ ದೇವನಾಗರಿಯಲ್ಲಿ ಓಂ ಭಗವತೇ ನಮಃ ಎಂದು ಕೆತ್ತಿರುತ್ತದೆ.

ಬಸ್ರಾ ಸ್ಮಾರಕದಲ್ಲಿ ನಮ್ಮವರ ಹೆಸರೇ ಕೆತ್ತಿಲ್ಲ ಅನ್ನೋದು ನಿಜಾನಾ?

ನಿಜ. ಭಾರತೀಯ ಸೈನಿಕರು ಅತಿ ಹೆಚ್ಚು ದುಡಿದದ್ದು ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ. ಬಸ್ರಾ ಸ್ಮಾರಕ 40,000ಕ್ಕೂ ಹೆಚ್ಚು ಮಂದಿಯದು, ಅವರಲ್ಲಿ ಬಹುಪಾಲು ಭಾರತೀಯರು. ಆದರೆ ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಕೆತ್ತಿ, ಸಿಪಾಯಿಗಳನ್ನು ರೆಜಿಮೆಂಟಿಗೆ ಇಷ್ಟು ಜನ ಎಂದು ಲೆಕ್ಕದಲ್ಲಿ ಮುಗಿಸಿದರು. ಬ್ರಿಟಿಷ್ ಸಿಪಾಯಿಗಳ ಹೆಸರು ಮಾತ್ರ ಒಂದೊಂದೂ ಇದೆ. ಸತ್ತವರೆಲ್ಲ ಸಮಾನರು ಎಂದು ಸಾರಿದ ಸಂಸ್ಥೆಯೇ ಮಾಡಿದ ಅನ್ಯಾಯ ಇದು. 2021ರಲ್ಲಿ ಕಮಿಷನ್ನೇ ನೇಮಿಸಿದ ಸಮಿತಿ ಇದನ್ನು ಒಪ್ಪಿಕೊಂಡಿತು: 45,000ರಿಂದ 54,000 ಮಂದಿಗೆ ಸಮನಾದ ಸ್ಮರಣೆ ಸಿಕ್ಕಿಲ್ಲ, ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮರಣೆಯೇ ಇಲ್ಲ, ಇವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ, ಈಜಿಪ್ಟ್ ಕಡೆಯವರು. ಕಮಿಷನ್ ಕ್ಷಮೆ ಕೇಳಿತು. ಇದಾದ ಮೇಲೆ ಯಾವ ಸ್ಮಾರಕಕ್ಕೆ ಹೋದರೂ ಯಾರ ಹೆಸರು ಇದೆ ಎಂಬಷ್ಟೇ ಗಮನದಿಂದ ಯಾರ ಹೆಸರು ಇಲ್ಲ ಎಂದೂ ನೋಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಥಾಯ್ಲೆಂಡಿನ ಕ್ವಾಯ್ ಸೇತುವೆ ನೋಡೋಕೆ ಹೋಗ್ತಿದೀವಿ. ಅಲ್ಲಿ ಭಾರತದ ಸಂಬಂಧ ಏನಾದ್ರೂ ಇದೆಯಾ?

ಇದೆ, ಬಹಳ ನೋವಿನದು. 1942-43ರಲ್ಲಿ ಜಪಾನಿಗಳು ಥಾಯ್ಲೆಂಡ್‌ನಿಂದ ಬರ್ಮಾಕ್ಕೆ 415 ಕಿಲೋಮೀಟರ್ ರೈಲುದಾರಿ ಕಟ್ಟಿಸಿದರು. ದುಡಿದ 60,000ಕ್ಕೂ ಹೆಚ್ಚು ಯುದ್ಧಕೈದಿಗಳಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತರು. ಕಾಂಚನಬುರಿ ಊರೊಳಗಿನ ಸಮಾಧಿಸ್ಥಳದಲ್ಲಿ ಸುಮಾರು 7,000 ಮಂದಿ ಮಲಗಿದ್ದಾರೆ, ಒಬ್ಬೊಬ್ಬರಿಗೂ ಕಂಚಿನ ಫಲಕ, ಒಬ್ಬೊಬ್ಬರ ಮುಂದೆಯೂ ಹೂಗಿಡ. ಅವರಿಗಿಂತ ಎಷ್ಟೋ ಪಾಲು ಹೆಚ್ಚು ಸತ್ತವರು ಏಷ್ಯಾದ ಕೂಲಿಗಳು. ಮಲಯದ ರಬ್ಬರ್ ತೋಟಗಳಿಂದ ಎಳೆದು ತಂದ ತಮಿಳರು, ತೆಲುಗರು, ಬರ್ಮೀಯರು, ಜಾವಾದವರು. 90,000 ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಹಾಜರಿಪಟ್ಟಿ ಇಟ್ಟವರಿಲ್ಲ, ಕಾಲರಾ ಬಂದಾಗ ಒಟ್ಟಿಗೇ ಹೂಳಿದರು, ಸುಟ್ಟರು. ಅವರಿಗೆ ಅಂಥ ಸಮಾಧಿಸ್ಥಳವಿಲ್ಲ.

ಆದ್ದರಿಂದ ಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು ಅಷ್ಟಕ್ಕೇ ಮರಳಬೇಡಿ. ಕಾಂಚನಬುರಿಯಿಂದ ನಾಮ್ ತೋಕ್ ಕಡೆಗೆ ಇಂದಿಗೂ ಅದೇ ಹಳಿಯ ಮೇಲೆ ರೈಲು ಓಡುತ್ತದೆ, ಹತ್ತಿ ಹೋಗಿ. ಹೆಲ್‌ಫೈರ್ ಪಾಸ್‌ನಲ್ಲಿ ಬಂಡೆ ಕಡಿದ ಕಣಿವೆಗೆ ಇಳಿದು ನಡೆಯಿರಿ. ಉಳಿ ಸುತ್ತಿಗೆಯಿಂದ ಕೊರೆದ ಗುರುತು ಬಂಡೆಯ ಮೇಲೆ ಈಗಲೂ ಇದೆ. ಆಸ್ಟ್ರೇಲಿಯಾ ಸರ್ಕಾರ ನಡೆಸುವ ಅಲ್ಲಿನ ಕೇಂದ್ರದಲ್ಲಿ ಕೂಲಿಗಳ ಬಗ್ಗೆಯೂ ಕೇಳಿ. ಹೆಚ್ಚು ಜನ ಕೇಳಿದಷ್ಟೂ ಅವರ ಕತೆಗೆ ಹೆಚ್ಚು ಜಾಗ ಸಿಗುತ್ತದೆ.

ಬ್ರಿಟಿಷರ ಪರವಾಗಿ ಸತ್ತವರಿಗೆ ನಾವ್ಯಾಕೆ ಕೈ ಮುಗಿಯಬೇಕು?

1914ರಲ್ಲಿ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಬರ, ಸಾಲ, ಮನೆತನದ ರೂಢಿ, ಕೊನೆಕೊನೆಗೆ ಬಲವಂತ, ಹೀಗೆ ಬೇರೆ ಬೇರೆ ಕಾರಣಕ್ಕೆ ಸೇರಿದವರು ಅವರು. ಸಾಮ್ರಾಜ್ಯವನ್ನು ಖಂಡಿಸುತ್ತಲೇ ಸತ್ತವರಿಗಾಗಿ ದುಃಖಿಸಬಹುದು, ಅದರಲ್ಲಿ ವಿರೋಧವಿಲ್ಲ. ಸಿಂಗಾಪುರದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಎಸ್ಪ್ಲನೇಡ್ ಉದ್ಯಾನದಲ್ಲಿ ಆಜಾದ್ ಹಿಂದ್ ಫೌಜ್‌ನ ಸ್ಮಾರಕಕ್ಕೆ ಸುಭಾಷರು 1945ರ ಜುಲೈ 8ರಂದು ಅಡಿಗಲ್ಲಿಟ್ಟರು. ಅದೇ ವರ್ಷ ಮರಳಿ ಬಂದ ಬ್ರಿಟಿಷರು ಅದನ್ನು ಕೆಡವಿದರು. 1995ರಲ್ಲಿ ಸಿಂಗಾಪುರದವರು ಅಲ್ಲೊಂದು ಗುರುತುಕಲ್ಲು ನಿಲ್ಲಿಸಿದರು. ಒಂದೇ ಸೇನೆಯಿಂದ ಫೌಜ್ ಸೇರಿದವರೂ ಇದ್ದರು, ಸೇರದೆ ಸೆರೆಯಲ್ಲೇ ಸತ್ತವರೂ ಇದ್ದರು. ಕ್ರಾಂಜಿಗೆ ಹೋದ ದಿನವೇ ಇಲ್ಲಿಗೂ ಹೋಗಿ.

ಶತ್ರುಗಳ ಸಮಾಧಿಗೂ ಹೋಗಬೇಕಾ?

ಹೋಗಿ. ಈಪರ್ ಹತ್ತಿರದ ಲಾಂಗೆಮಾರ್ಕ್‌ನಲ್ಲಿ ಸುಮಾರು 44,000 ಜರ್ಮನ್ನರನ್ನು ಹೂಳಿದ್ದಾರೆ, ಅರ್ಧಕ್ಕಿಂತ ಹೆಚ್ಚು ಜನ ಒಂದೇ ಗುಂಡಿಯಲ್ಲಿ. ಓಕ್ ಮರಗಳ ಕೆಳಗೆ ಚಪ್ಪಟೆ ಕಲ್ಲುಗಳು, ಹೂವಿಲ್ಲ. ಶತ್ರುದೇಶದ ನೆಲದಲ್ಲಿ ನಮ್ಮವರ ಸಮಾಧಿಗಳೂ ಇವೆ: ಬರ್ಲಿನ್ನಿಗೆ ಹೋಗುವವರು ದಕ್ಷಿಣಕ್ಕಿರುವ ತ್ಸೆರೆನ್ಸ್‌ಡೋರ್ಫ್‌ಗೆ ಹೋಗಬಹುದು. ಜರ್ಮನ್ನರ ಸೆರೆಯಲ್ಲಿ ಸತ್ತ 200ಕ್ಕೂ ಹೆಚ್ಚು ಭಾರತೀಯರ ಸಮಾಧಿಗಳು ಅಲ್ಲಿವೆ. ಅಲ್ಲಿ ಹತ್ತಿರದಲ್ಲಿದ್ದ ಸೆರೆಶಿಬಿರದ ಭಾರತೀಯ ಕೈದಿಗಳ ದನಿಯನ್ನು ಜರ್ಮನ್ ವಿದ್ವಾಂಸರು ಧ್ವನಿಮುದ್ರಿಸಿಕೊಂಡಿದ್ದರು. ಆ ತಟ್ಟೆಗಳು ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಳಿದಿವೆ.

ಅಷ್ಟು ದೂರ ಹೋಗೋಕೆ ಸದ್ಯಕ್ಕಾಗಲ್ಲ. ಇಲ್ಲೇ ಏನಾದ್ರೂ ಇದೆಯಾ?

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಹೈಫಾಗೆ ಹೋಗುವವರು ಮೊದಲು ಇಲ್ಲಿಗೆ ಬಂದು ಹೋಗಬೇಕೆಂಬುದು ನನ್ನ ಅಭಿಪ್ರಾಯ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸೈನಿಕರು ಹೈದರಾಬಾದ್, ಮೈಸೂರು, ಜೋಧಪುರದ ಕುದುರೆಪಡೆಯವರು; 2018ರಿಂದ ಆ ವೃತ್ತಕ್ಕೆ ಹೈಫಾ ಹೆಸರೂ ಸೇರಿದೆ.

ದಾಖಲೆಯಲ್ಲಿ ನಮ್ಮಜ್ಜನ ಊರು ತಪ್ಪಾಗಿದೆ. ಸರಿ ಮಾಡಿಸಬಹುದಾ?

ಮಾಡಿಸಬಹುದು. ಕಮಿಷನ್ನಿಗೆ ಜಾಲತಾಣದ ಮೂಲಕವೇ ಬರೆಯಿರಿ. ಪದಕದ ಅಂಚಿನ ಫೋಟೊ, ಪಿಂಚಣಿ ಕಾಗದ, ಹಳೇ ಪತ್ರ, ಏನಿದೆಯೋ ಅದನ್ನು ಸ್ಕ್ಯಾನ್ ಮಾಡಿ ಕಳಿಸಿ, ಮೂಲಪ್ರತಿ ಕೊಡಬೇಡಿ. ಕನ್ನಡ, ಮೋಡಿ ಲಿಪಿ, ಉರ್ದು ಕಾಗದಗಳಾದರೆ ಇಂಗ್ಲಿಷ್ ಅನುವಾದ ಜೊತೆಗಿರಲಿ. ಹೆಸರೇ ಬಿಟ್ಟುಹೋಗಿದ್ದರೂ ಪುರಾವೆ ಇದ್ದರೆ ಪರಿಶೀಲಿಸುತ್ತಾರೆ. ಉತ್ತರ ಬರಲು ತಿಂಗಳುಗಳು ಹಿಡಿಯಬಹುದು. ಅಷ್ಟರಲ್ಲಿ ಮನೆಯ ಹಿರಿಯರನ್ನು ಕೂರಿಸಿಕೊಂಡು ಅವರಿಗೆ ನೆನಪಿರುವುದನ್ನೆಲ್ಲ ಬರೆದಿಟ್ಟುಕೊಳ್ಳಿ.